ಕೂಗಿದವರನ್ನು ದಂಡೆಯಲ್ಲಿ ಬಿಟ್ಟು

ಸಮುದ್ರದ ನಡುವೆ ಉಳ್ಳಾಗಡ್ಡಿ ಆಕಾಶಕ್ಕೆ ಏರುವುದನ್ನು ನಾನು ನೋಡಿದ್ದು ಗೋವಾದ ವಾಸ್ಕೋಗೆ ಬಂದ ಹೊಸದರಲ್ಲಿ. ಕಣ್ಣೆದುರು ಒಂದು ಕಬ್ಬಿಣದ ಗೋಡೆ. ಅದಕ್ಕೆ ಬಾಗಿಲಿಲ್ಲ, ಮೆಟ್ಟಿಲಿಲ್ಲ. ಜಮಖಂಡಿಯ ಗುಡ್ಡದ ಮೇಲಿನ ಅರಮನೆಯನ್ನು ಎತ್ತಿ ತಂದು ನೀರಿಗಿಟ್ಟರೂ ಇಷ್ಟು ಎತ್ತರ ಕಾಣಿಸಲಿಕ್ಕಿಲ್ಲ. ಅದರ ಬುಡದಲ್ಲಿ ನಮ್ಮ ಪುಟ್ಟ ದೋಣಿ ಏರುತ್ತ ಇಳಿಯುತ್ತ ನಿಂತಿತ್ತು. ಮೇಲಿನಿಂದ ಕ್ರೇನಿನ ಕೊಕ್ಕೆ ಇಳಿಯಿತು. ಹಗ್ಗದ ಬಲೆಯೊಳಗೆ ಹೂಕೋಸು, ಮೊಟ್ಟೆ, ಐಸಿನ ಪೆಟ್ಟಿಗೆಯಲ್ಲಿ ಕುರಿ ಮಾಂಸ, ಉಳ್ಳಾಗಡ್ಡಿ ಚೀಲ. ಚೀಲದ ಮೇಲೆ ಬಾಗಲಕೋಟೆ ಪೇಟೆಯ ಮುದ್ರೆ! ಅಯ್ಯ ಶಿವನೆ, ನಮ್ಮ ಕಡೆಯ ಉಳ್ಳಾಗಡ್ಡಿ ನನಗಿಂತ ಮೊದಲು ಹಡಗು ಹತ್ತುತ್ತಿದೆಯಲ್ಲ ಎಂದು ನನಗೆ ನಗು ಬಂತು. ನಾನೂ ಒಮ್ಮೆ ಹತ್ತಿ ನೋಡಿ ಬರಲೇ ಎಂದು ದೋಣಿ ನಡೆಸುವ ಕಾಯ್ತಾನನನ್ನು ಕೇಳಿದೆ.

"ಉಳ್ಳಾಗಡ್ಡಿಗೆ ಪರವಾನಗಿ ಇದೆ, ನಿನಗಿಲ್ಲ. ಹಗ್ಗ ಹಿಡಿ" ಎಂದ ಅವನು.

ಅವನ ಮಾತು ಕೊಂಕಣಿ ಹಿಂದಿ ಕಲಸಿದ್ದು. ನಾನು ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ. ಆದರೆ ಆ ಮಾತಿನ ಖಾರ ಯಾವ ಭಾಷೆಗೆ ತಿರುಗಿಸಿದರೂ ಕಡಿಮೆಯಾಗುವುದಿಲ್ಲ.

ಊರಿನಲ್ಲಿ ಓದುವವರಿಗೆ ಈ ಕೆಲಸ ಏನೆಂದು ಹೇಳಿಬಿಡುತ್ತೇನೆ. ನಮ್ಮಲ್ಲಿ ಸಕ್ಕರೆ ಕಾರ್ಖಾನೆಯ ಗೇಟಿನ ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಸರದಿ ಕಾಯುತ್ತ ನಿಲ್ಲುತ್ತವಲ್ಲ, ಹಾಗೆಯೇ ಬಂದರಿನ ಹೊರಗೆ ಹಡಗುಗಳು ಲಂಗರು ಹಾಕಿ ನಿಲ್ಲುತ್ತವೆ. ಟ್ರ್ಯಾಕ್ಟರಿನವನಿಗೆ ಹಸಿವಾದರೆ ಇಳಿದು ಹೋಗಿ ಮಂಡಕ್ಕಿ ಮಿರ್ಚಿ ತಿಂದು ಬಂದಾನು. ಹಡಗಿನವನು ಎಲ್ಲಿಗೆ ಇಳಿಯಬೇಕು? ಅವನಿಗೆ ಬೇಕಾದದ್ದೆಲ್ಲ ನಮ್ಮಂಥ ದೋಣಿಗಳೇ ಒಯ್ಯಬೇಕು. ಇವಕ್ಕೆ ಇಲ್ಲಿ ಲಾಂಚ್ ಎನ್ನುತ್ತಾರೆ. ಕಾಯಿಪಲ್ಯ, ಕುಡಿಯುವ ನೀರು, ಔಷಧ, ಎಂಜಿನ್ನಿನ ಬಿಡಿಭಾಗ, ಫೋನಿನ ಸಿಮ್ಮು, ಒಮ್ಮೊಮ್ಮೆ ಹೊಸದಾಗಿ ಕೆಲಸಕ್ಕೆ ಸೇರಿದ ಮನುಷ್ಯರನ್ನೂ ಒಯ್ಯುತ್ತೇವೆ. ಲಾಂಚ್ ನಡೆಸುವವನು ತಾಂಡೇಲ. ಹಗ್ಗ ಎಸೆದು ಕಟ್ಟುವವನು, ಚೀಲ ಹೊರುವವನು, ತೆರೆ ಎತ್ತಿದ ಕ್ಷಣ ನೋಡಿ ಬಲೆಯನ್ನು ಕೊಕ್ಕೆಗೆ ಸಿಕ್ಕಿಸುವವನು ಖಲಾಸಿ. ನಾನು ಖಲಾಸಿ. ತೆರೆ ಇಳಿಯುವಾಗ ಸಿಕ್ಕಿಸಲು ಹೋದರೆ ಕೈಯೂ ಬಲೆಯೊಂದಿಗೆ ಮೇಲಕ್ಕೆ ಹೋಗುತ್ತದೆ, ಅಷ್ಟೇ.

ನಾನು ಗಲಗಲಿಯವನು. ಕೃಷ್ಣಾ ದಂಡೆಯ ಅಂಬಿಗರ ಮನೆ. ಸೇತುವೆ ಬರುವ ಮುಂಚೆ ಆಚೆ ದಂಡೆಯ ಸಂತೆ, ಸೂಲಗಿತ್ತಿ, ಮದುಮಗಳು, ಎಲ್ಲರೂ ನಮ್ಮಪ್ಪನ ದೋಣಿಯಲ್ಲೇ ದಾಟಬೇಕಿತ್ತು. ಆಚೆಯವರು ಬಾಯಿಗೆ ಕೈ ಅಡ್ಡಹಿಡಿದು "ಏ ದೋಣೀ..." ಎಂದು ಕೂಗುತ್ತಿದ್ದರು. ಕೂಗು ಕಿವಿಗೆ ಬಿದ್ದದ್ದೇ ತಡ, ಅಪ್ಪ ತುತ್ತು ಗಂಗಾಳಕ್ಕೆ ಹಾಕಿ ಏಳುತ್ತಿದ್ದ. ಅವ್ವ ಬೈಯುತ್ತಿದ್ದಳು. "ಒಂದ್ ರೊಟ್ಟಿ ತಿಂದ್ ಹೋದ್ರ ಹೊಳಿ ಏನ್ ಬತ್ತಿ ಹೊಕ್ಕೈತಿ?" ಅಪ್ಪನದು ಒಂದೇ ಮಾತು: "ಕೂಗಿದವರನ್ನ ದಂಡ್ಯಾಗ ಬಿಟ್ಟು ಉಣಬಾರದು." ಅಪ್ಪನಿಗೆ ಬೈದವನು ಕೂಗಿದರೂ ಹೋಗಬೇಕು, ಕುಡಿದವನು ಕೂಗಿದರೂ ಹೋಗಬೇಕು. ದಾಟಿಸಿದ್ದಕ್ಕೆ ಕೈಯಲ್ಲಿ ಕಾಸು ಇಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಅವರವರ ಕೈಲಾದಷ್ಟು ಜೋಳ ಹಾಕುತ್ತಿದ್ದರು. ಅದಕ್ಕೆ ಆಯ ಎನ್ನುತ್ತಿದ್ದೆವು.

ಸೇತುವೆ ಆಯಿತು. ಕೂಗು ನಿಂತಿತು, ಆಯವೂ ನಿಂತಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯನ್ನು ನಮ್ಮ ಊರವರು ಅಕ್ಷರಶಃ ನಡೆಸಿಕೊಟ್ಟರು. ಅಣ್ಣ ಬೀಳಗಿಯಲ್ಲಿ ಟಂಟಂ ರಿಕ್ಷಾ ತೆಗೆದುಕೊಂಡ. ನಾನು ಮುಧೋಳದಲ್ಲಿ ಕಲ್ಲಿನ ಲಾರಿಗೆ ಹೋಗಿ ನೋಡಿದೆ, ಬನಹಟ್ಟಿಯಲ್ಲಿ ಮಗ್ಗದ ಕೆಲಸಕ್ಕೆ ಹೋಗಿ ನೋಡಿದೆ. ನೆಲದ ಮೇಲಿನ ಕೆಲಸ ನನಗೆ ಒಗ್ಗಲಿಲ್ಲ. ನೀರಿನ ಮೇಲೆ ನಿಂತರೆ ಮಾತ್ರ ನನ್ನ ಕಾಲು ನನ್ನ ಮಾತು ಕೇಳುತ್ತವೆ. ವಾಸ್ಕೋದ ಕಡೆ ನಮ್ಮವರು ಬಹಳ ಜನ ಇದ್ದಾರೆ, ಅಲ್ಲಿ ದೋಣಿ ಕೆಲಸ ಸಿಗುತ್ತದೆ ಎಂದು ಯಾರೋ ಹೇಳಿದರು. ಹೆಂಡತಿ ಶಾಂತಾಳನ್ನು ಕರೆದುಕೊಂಡು ಬಂದುಬಿಟ್ಟೆ. ಮತ್ತೆ ಒಂದು ದೋಣಿಯ ಚುಕ್ಕಾಣಿ ನನ್ನ ಕೈಗೆ ಬರಬೇಕು, ನಾನು ತಾಂಡೇಲ ಆಗಬೇಕು, ಇದೊಂದೇ ಆಸೆ.

ಊರಿನಲ್ಲಿ ಮನೆ ಎಂದರೆ ಮುಂದೆ ಕಟ್ಟೆ, ಹಿಂದೆ ಹಿತ್ತಲು. ಇಲ್ಲಿ ಗುಡ್ಡದ ಇಳಿಜಾರಿನಲ್ಲಿ ಒಂದರ ತಲೆಯ ಮೇಲೆ ಒಂದು ಕೂತ ತಗಡಿನ ಖೋಲಿಗಳು. ಮೇಲಿನವರು ಬಟ್ಟೆ ತೊಳೆದ ನೀರು ನಮ್ಮ ಹೊಸ್ತಿಲು ತೊಳೆದು ಹೋಗುತ್ತದೆ. ಖೋಲಿ ಕೇಳಲು ಹೋದಲ್ಲೆಲ್ಲ ಮೊದಲ ಪ್ರಶ್ನೆ "ಘಾಟಿಯೋ?" ಘಟ್ಟ ಇಳಿದು ಬಂದವರು ಎಂದಷ್ಟೇ ಅದರ ಅರ್ಥ. ಆದರೆ ಕೇಳುವವರು ಮೂಗು ಮುರಿಯುವ ರೀತಿಯಲ್ಲಿ ಉಳಿದ ಅರ್ಥವೆಲ್ಲ ಇರುತ್ತದೆ. ಮೀನಿನ ವಾಸನೆಯ ಊರಿನಲ್ಲಿ ಕೂತು, ನಮ್ಮ ಖೋಲಿಯಿಂದ ಬೆಳ್ಳುಳ್ಳಿ ವಾಸನೆ ಬರುತ್ತದೆ ಎಂದು ಮನೆ ಒಡತಿ ದೂರು ಹೇಳಿದಾಗ ಶಾಂತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅತ್ತಳು. ಊರಿನಲ್ಲಿ ಅವಳು ರೊಟ್ಟಿ ಬಡಿಯುವ ಸದ್ದಿಗೆ ಓಣಿಯ ಹೆಂಗಸರು ಬಂದು ಕೂಡುತ್ತಿದ್ದರು. ಇಲ್ಲಿ ಅದೇ ಸದ್ದಿಗೆ ಪಕ್ಕದವರು ಗೋಡೆ ಗುದ್ದುತ್ತಾರೆ.

ಭಾಷೆ ಬೇಗ ಬಂತು. ನೀರಿಗೆ ಉದಾಕ, ಮೀನಿಗೆ ನುಸ್ತೆಂ. ನಮ್ಮಲ್ಲಿ ಸ್ವಾಮಿಗಳ ಪಾದದಿಂದ ಬಂದ ನೀರಿಗೆ ಮಾತ್ರ ಉದಕ ಎನ್ನುತ್ತೇವೆ, ಇಲ್ಲಿ ಬಕೀಟಿನದೂ ಉದಾಕವೇ. ಸಮುದ್ರ ಮಾತ್ರ ಬೇಗ ಬರಲಿಲ್ಲ. ಹೊಳೆಗೆ ಒಂದು ದಿಕ್ಕು ಇರುತ್ತದೆ, ಅದು ಎಲ್ಲಿಗೆ ಹೊರಟಿದೆ ಎಂದು ನೋಡಿದರೆ ತಿಳಿಯುತ್ತದೆ. ಸಮುದ್ರ ಇದ್ದಲ್ಲೇ ಇದ್ದು ಮನುಷ್ಯನನ್ನು ಅಲ್ಲಾಡಿಸುತ್ತದೆ. ಮೊದಲ ತಿಂಗಳು ನಾನು ಬುಡದಲ್ಲಿ ನಿಂತು ವಾಂತಿ ಮಾಡದ ಹಡಗಿಲ್ಲ. ಅಂಬಿಗರ ಮಗ ದೋಣಿಯಲ್ಲಿ ವಾಂತಿ ಮಾಡಿಕೊಂಡ ಎಂದು ಗಲಗಲಿಗೆ ಗೊತ್ತಾದರೆ ನಮ್ಮ ಮನೆತನಕ್ಕೆ ಹೆಣ್ಣು ಕೊಡುವುದಿಲ್ಲ ಎಂದು ಶಾಂತಾ ಕಾಡಿಸುತ್ತಿದ್ದಳು.

ಕಾಯ್ತಾನ ಕೆಟ್ಟವನಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಮನಸ್ಸು ಬಾರದಿದ್ದರೆ ಕಷ್ಟ. ನನ್ನ ಡಬ್ಬಿಯ ಖಡಕ್ ರೊಟ್ಟಿ ಶೇಂಗಾ ಚಟ್ನಿ ತಿನ್ನುತ್ತ, ವಾಪಸು ಬರುವಾಗ ಚುಕ್ಕಾಣಿ ನನ್ನ ಕೈಗೆ ಕೊಡುತ್ತಿದ್ದ. ತೆರೆಗೆ ಮುಖ ಕೊಡುವುದು, ಹಡಗಿನ ಗಾಳಿಮರೆಯಲ್ಲಿ ನಿಲ್ಲುವುದು, ಎಲ್ಲ ಕಲಿಸಿದ. ತಾಂಡೇಲನ ಲೈಸೆನ್ಸ್ ಪರೀಕ್ಷೆಗೆ ಕೂರಬೇಕಾದರೆ, ಇವನು ಇಷ್ಟು ಕಾಲ ನೀರಿನ ಮೇಲೆ ದುಡಿದಿದ್ದಾನೆ ಎಂದು ಮಾಲಕ ಬರೆದುಕೊಡಬೇಕು. ಮಾಲಕನೂ ಒಪ್ಪಿದ್ದ. "ಈ ಮಳೆಗಾಲ ಮುಗಿಯಲಿ, ಬರೆದುಕೊಡುತ್ತೇನೆ" ಎಂದಿದ್ದ. ಮಳೆಗಾಲ ಮುಗಿಯಿತು. ದೀಪಾವಳಿಯೂ ಆಯಿತು. ನಾನು ದಿನಾ ಅವನ ಮುಖ ನೋಡುತ್ತಿದ್ದೆ.

ಆ ದಿನಗಳಲ್ಲಿ ಒಂದು ಹಡಗು ಎಲ್ಲಕ್ಕಿಂತ ಹೊರಗೆ, ಒಂಟಿಯಾಗಿ ನಿಂತಿತ್ತು. ಅದರ ಹೊರದೇಶದ ಒಡೆಯ ಕೈಬಿಟ್ಟಿದ್ದ. ಪಗಾರಿಲ್ಲ, ಎಣ್ಣೆಯಿಲ್ಲ. ಹಡಗನ್ನು ಬಿಟ್ಟು ಇಳಿಯಲು ಕೆಲಸಗಾರರಿಗೆ ಅಪ್ಪಣೆಯೂ ಇಲ್ಲ. ಅವರಿಗೆ ನೀರು ಕಾಳು ಕೊಡಬೇಕಾದವರು ಯಾರು ಎಂಬ ಬಗ್ಗೆ ಕಾಗದಗಳು ಓಡಾಡುತ್ತಿದ್ದವು. ಕಾಗದ ಓಡಾಡಿದರೆ ನೀರು ಓಡಾಡಿದಂತೆ ಆಗುತ್ತದೆಯೇ? ಮಾಲಕ ನಮ್ಮನ್ನೆಲ್ಲ ನಿಲ್ಲಿಸಿ ಹೇಳಿದ: "ಆ ಹಡಗಿನ ಹತ್ತಿರ ಹೋಗಬೇಡಿ. ಒಮ್ಮೆ ಕೊಟ್ಟರೆ ಕೊಡುವುದು ನಮ್ಮ ಕೆಲಸವೇ ಆಗುತ್ತದೆ. ಅಪ್ಪಣೆ ಇಲ್ಲದೆ ಹೋದರೆ ನನ್ನ ಲಾಂಚಿನ ಪರವಾನಗಿಗೂ ಕುತ್ತು." ತಪ್ಪು ಹೇಳಿದ ಎನ್ನಲಾರೆ. ಅವನ ಹೊಟ್ಟೆಪಾಡು ಅವನಿಗೆ.

ನಾವು ದಿನಾ ಅದರ ಪಕ್ಕದಿಂದಲೇ ಹೋಗಬೇಕು. ಹೋಗುವಾಗ ಕಾಯ್ತಾನ ಎಂಜಿನ್ ಜೋರು ಮಾಡುತ್ತಿದ್ದ, ನಾನು ಹಗ್ಗ ಸುತ್ತುವ ನೆವದಲ್ಲಿ ತಲೆ ತಗ್ಗಿಸುತ್ತಿದ್ದೆ.

ಒಂದು ಮಧ್ಯಾಹ್ನ ಬೇರೆ ಹಡಗಿಗೆ ಸಾಮಾನು ಕೊಟ್ಟು ಬರುತ್ತಿದ್ದೆವು. ಕಾಯಿಪಲ್ಯ ಬಾಡಿದೆ, ನೀರಿನ ಡಬ್ಬಿಗಳು ಹೆಚ್ಚಾದವು ಎಂದು ಆ ಹಡಗಿನವರು ಒಂದಿಷ್ಟನ್ನು ಮರಳಿ ಕಳಿಸಿದ್ದರು. ಅವೆಲ್ಲ ದೋಣಿಯಲ್ಲೇ ಇದ್ದವು. ಚುಕ್ಕಾಣಿ ನನ್ನ ಕೈಯಲ್ಲಿತ್ತು. ಕಾಯ್ತಾನ ಪಕ್ಕದಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದ. ಸಮುದ್ರ ಅಂದು ನಮ್ಮ ಹೊಳೆಯ ಹಾಗೆ ಸುಮ್ಮನಿತ್ತು. ಅಷ್ಟರಲ್ಲಿ ಆ ಒಂಟಿ ಹಡಗಿನ ಮೇಲಿನಿಂದ ಕೂಗು ಬಂತು. ಉಳಿದ ಹಡಗುಗಳು ನಮ್ಮನ್ನು ಕರೆಯುವುದು ರೇಡಿಯೋದಲ್ಲಿ. ಇವರ ರೇಡಿಯೋಕ್ಕೆ ಯಾರೂ ಓಗೊಡುವುದನ್ನು ಬಿಟ್ಟಿದ್ದರು. ಒಬ್ಬ ಮನುಷ್ಯ ಕಟಾಂಜನಕ್ಕೆ ಬಾಗಿ, ಬಾಯಿಗೆ ಎರಡೂ ಕೈ ಅಡ್ಡಹಿಡಿದು ಕೂಗಿದ. "ಏ ಲಾಂಚ್... ಪಾನೀ..."

ಬಾಯಿಗೆ ಕೈ ಅಡ್ಡಹಿಡಿದು ಕೂಗಿದ, ನೋಡ್ರಿ. ನನಗೆ ಮಾಲಕನ ಮಾತು ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಿತ್ತು, ಲೈಸೆನ್ಸೂ ನೆನಪಿತ್ತು. ಆದರೆ ಕೈ ಆಗಲೇ ಚುಕ್ಕಾಣಿ ತಿರುಗಿಸಿತ್ತು.

"ಏನು ಮಾಡುತ್ತಿದ್ದೀಯ?" ಎಂದ ಕಾಯ್ತಾನ.

"ಕೂಗಿದರಲ್ಲ!"

"ಕೂಗುತ್ತಾರೆ. ದಿನಾ ಕೂಗುತ್ತಾರೆ. ತಿರುಗಿಸು."

ನಾನು ತಿರುಗಿಸಲಿಲ್ಲ. ಅವನು ಕೈಹಾಕಿ ಚುಕ್ಕಾಣಿ ಕಸಿದುಕೊಳ್ಳಬಹುದಿತ್ತು. ಕಸಿದುಕೊಳ್ಳಲಿಲ್ಲ. ಎದ್ದು ದೋಣಿಯ ಹಿಂಭಾಗಕ್ಕೆ ಹೋಗಿ ನನಗೆ ಬೆನ್ನು ಮಾಡಿ ನಿಂತ. ಅದನ್ನೇ ಒಪ್ಪಿಗೆ ಎಂದು ತಿಳಿದೆ.

ಮೇಲಿನಿಂದ ಹಗ್ಗ ಇಳಿಬಿಟ್ಟರು. ಕ್ರೇನಿಗೆ ಎಣ್ಣೆ ಇರಲಿಲ್ಲ, ಕೈಯಿಂದಲೇ ಎಳೆದರು. ನೀರಿನ ಡಬ್ಬಿ, ಬಾಡಿದ ಕೋಸು, ಟೊಮೆಟೊ ಎಲ್ಲ ಕಟ್ಟಿದೆ. ಕೊನೆಗೆ ನನ್ನ ಡಬ್ಬಿಯಲ್ಲಿ ಉಳಿದಿದ್ದ ರೊಟ್ಟಿ ಚಟ್ನಿಯನ್ನೂ ಕಟ್ಟಿದೆ. ಕೂಗಿದವನು ಆ ಹಡಗಿನ ಅಡುಗೆಯವನು. ಹಡಗಿನಲ್ಲಿ ಅಡುಗೆಯವನಿಗೆ ಭಂಡಾರಿ ಎನ್ನುತ್ತಾರೆ. ಭಂಡಾರಿ ಹೌದು, ಭಂಡಾರದಲ್ಲಿ ಮಾತ್ರ ಏನೂ ಇಲ್ಲ. "ನಿನ್ನ ಹೆಸರೇನು ಭಾಯ್? ಯಾವ ಊರು?" ಎಂದು ಮೇಲಿನಿಂದ ಕೇಳಿದ. "ಹಣಮಂತ! ಗಲಗಲಿ!" ಎಂದು ನಾನು ಕೂಗಿ ಹೇಳಿದೆ. ಎಷ್ಟೋ ಕಾಲದ ಮೇಲೆ ನೀರಿನ ಮೇಲೆ ನಿಂತು ನಮ್ಮೂರ ಹೆಸರು ಕೂಗಿದೆ ನೋಡ್ರಿ, ಎದೆ ತುಂಬಿ ಬಂತು. ಇಲ್ಲಿಗೆ ಬಂದ ಮೇಲೆ ನನಗೆ ಖರೆ ಸುಖ ಆದದ್ದು ಆವತ್ತು. ಮೇಲೆ ಒಬ್ಬ ಫೋನ್ ಹಿಡಿದು ನಿಂತದ್ದು ಕಂಡಿತ್ತು. ಕೈಬೀಸಿದೆ.

ಅವರು ಕೃತಜ್ಞರು. ಅದೇ ಬಂದ ಗ್ರಹಚಾರ. ಆ ಭಂಡಾರಿ ಫೋನಿನ ಮುಂದೆ ಕಣ್ಣೀರು ಹಾಕಿಕೊಂಡು, ನನ್ನ ರೊಟ್ಟಿಯನ್ನು ಎತ್ತಿ ತೋರಿಸಿ, "ದೊಡ್ಡವರು ಯಾರೂ ಬರಲಿಲ್ಲ, ಗಲಗಲಿಯ ಹಣಮಂತ ಭಾಯ್ ತನ್ನ ಊಟ ಕೊಟ್ಟ" ಎಂದು ಹೇಳಿದ. ಆ ವಿಡಿಯೋ ಒಬ್ಬರ ಫೋನಿನಿಂದ ಒಬ್ಬರಿಗೆ ಹಾರಿ ಊರೂರು ಸುತ್ತಿತು. ನಾನು ಹಗ್ಗ ಕಟ್ಟುವುದು, ಹಲ್ಲು ಕಿಸಿದು ಕೈಬೀಸುವುದು, ಲಾಂಚಿನ ಮೈಮೇಲೆ ಬರೆದ ಹೆಸರು, ಎಲ್ಲ ಅದರಲ್ಲಿತ್ತು. ಕಾಯ್ತಾನನ ಬೆನ್ನು ಕೂಡ ಇರಲಿಲ್ಲ.

ಶಾಂತಾ ಅದನ್ನು ಮತ್ತೆ ಮತ್ತೆ ನೋಡಿದಳು. ಆಮೇಲೆ ಫೋನ್ ಬೋರಲು ಇಟ್ಟು ಹೇಳಿದಳು, "ನನ್ನ ರೊಟ್ಟೀನ ನಿಮ್ಮನ್ನ ಹಿಡದ್ ಕೊಟ್ಟಾವ ನೋಡ್ರಿ."

ಮಾಲಕ ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ನನಗೂ ಜಗಳಾಡಲು ಬರುತ್ತಿತ್ತು. ಕುರ್ಚಿ ಎಳೆದು ಕೂರಿಸಿ, ಚಹಾ ತರಿಸಿದ. "ನೀನು ಪುಣ್ಯದ ಕೆಲಸ ಮಾಡಿದ್ದೀಯ. ಆದರೆ ನನ್ನ ದೋಣಿಯಲ್ಲಿ ಮಾಡಿದ್ದೀಯ" ಎಂದ. ಕಾಯ್ತಾನನನ್ನು ಕರೆದು ಚುಕ್ಕಾಣಿ ಯಾರ ಕೈಯಲ್ಲಿತ್ತು ಎಂದು ಕೇಳಿದ. ಅವನು ನೆಲ ನೋಡುತ್ತ, "ಇವನ ಕೈಯಲ್ಲಿತ್ತು. ತಿರುಗಿಸು ಎಂದು ಹೇಳಿದೆ" ಎಂದ. ಒಂದಕ್ಷರ ಸುಳ್ಳಿಲ್ಲ. ಅದಕ್ಕೇ ಅವನ ಮೇಲಿನ ಸಿಟ್ಟು ಇವತ್ತಿಗೂ ಎಲ್ಲಿ ಇಳಿಸಬೇಕೋ ತಿಳಿಯದೆ ಹೊತ್ತು ತಿರುಗುತ್ತಿದ್ದೇನೆ. ಬೆನ್ನು ಮಾಡಿ ನಿಂತದ್ದನ್ನು ಅವನು ಹೇಳಲಿಲ್ಲ, ನಾನೂ ಹೇಳಲಿಲ್ಲ.

ನನ್ನನ್ನು ಗೋದಾಮಿಗೆ ಹಾಕಿದರು. ಬಂದರಿನೊಳಗೆ ಹೋಗುವ ಪಾಸನ್ನು ಮಾಲಕ ಮತ್ತೆ ಮಾಡಿಸಲಿಲ್ಲ. ನೀರಿನ ಮೇಲೆ ದುಡಿದ ಬಗ್ಗೆ ಬರೆದುಕೊಡುವ ಮಾತು ಎತ್ತಿದಾಗ, "ಬರೆದರೆ ನೀನು ಆ ದೋಣಿಯಲ್ಲಿದ್ದೆ ಎಂದು ನಾನೇ ಒಪ್ಪಿದ ಹಾಗಾಗುತ್ತದಲ್ಲ" ಎಂದ. ಬೇರೆ ಲಾಂಚಿನವರ ಬಳಿ ಹೋದೆ. ಅವರೆಲ್ಲ ನನ್ನನ್ನು ಫೋನಿನಲ್ಲಿ ನೋಡಿದ್ದರು. ಬೆನ್ನು ತಟ್ಟಿದರು, ಕೆಲಸ ಕೊಡಲಿಲ್ಲ.

ನನ್ನನ್ನು ದೋಣಿಯಿಂದ ಇಳಿಸಿದ ದಿನವೇ ಊರಿನಿಂದ ಫೋನ್ ಮೇಲೆ ಫೋನ್. "ಲೇ ಹಣಮ್ಯಾ, ಗಲಗಲಿ ಹೆಸರು ಸಮುದ್ರಕ್ಕ ಮುಟ್ಟಿಸಿದೆಲ್ಲೋ!" ಮುಧೋಳ, ಜಮಖಂಡಿ ಕಡೆಯಿಂದ ಹೆಸರು ಕೇಳದ ಬಂಧುಗಳೆಲ್ಲ ಎದ್ದು ಬಂದರು. ಕನ್ನಡ ಸಾಲಿಯಲ್ಲಿ ಸತ್ಕಾರ ಇಟ್ಟಿದ್ದೇವೆ, ಬರಲೇಬೇಕು ಎಂದರು. ಹೋದೆ. ಗೋದಾಮಿನವನಿಗೆ ರಜೆ ಸಿಗುವುದು ಸುಲಭ, ಅವನಿಲ್ಲದಿದ್ದರೂ ದೋಣಿ ಹೊರಡುತ್ತದೆ.

ಬಿಸಿಲಿನಲ್ಲಿ ಶಾಲು ಹೊದಿಸಿ ಕೂರಿಸಿದರು. ಭಾಷಣ ಮಾಡಿದ ಹಿರಿಯರು ಸೇತುವೆ ದಾಟಿ ತಡವಾಗಿ ಬಂದು, ಅಂಬಿಗರ ತ್ಯಾಗದ ಬಗ್ಗೆ ಬಹಳ ಹೊತ್ತು ಮಾತಾಡಿದರು. ನಮ್ಮ ಅಂಬಿಗ ಈಗ ಗೋವಾದಲ್ಲಿ ದೊಡ್ಡ ದೋಣಿ ನಡೆಸುತ್ತಾನೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಇಲ್ಲರೀ ಎನ್ನಲಿಲ್ಲ. ಹೇಗೆ ಎನ್ನಲಿ? ಶಾಲು ಕೊರಳಿಗೆ ಬಿದ್ದಿತ್ತು. "ಗೋವಾದ ಹಣಮಂತ" ಎಂದು ಕರೆದು ಹಾರ ಹಾಕಿದರು. ಅಲ್ಲಿ ಘಾಟಿ, ಇಲ್ಲಿ ಗೋವಾದವನು. ಎರಡೂ ಊರಿನವರು ನನ್ನನ್ನು ಮತ್ತೊಂದು ಊರಿಗೆ ಕೊಟ್ಟು ಕೈತೊಳೆದುಕೊಂಡಿದ್ದಾರೆ.

ಅಪ್ಪ ಸತ್ಕಾರಕ್ಕೆ ಬಂದಿರಲಿಲ್ಲ. ಹೊಳೆ ದಂಡೆಯಲ್ಲಿ ಬೋರಲು ಹಾಕಿದ ಹಳೇ ದೋಣಿಯ ಪಕ್ಕ ಕೂತಿದ್ದ. ದೋಣಿಯ ಬೆನ್ನಿನ ಮೇಲೆ ಒಂದು ಆಡು ನಿಂತಿತ್ತು. ಹಾರ ತೆಗೆದು ಆಡಿಗೆ ಹಾಕಿದೆ, ಅದು ಕೂಡಲೇ ತಿನ್ನತೊಡಗಿತು. ಅಪ್ಪ ನಕ್ಕ. ಆಮೇಲೆ ಊರಿಡೀ ಕೇಳದ ಪ್ರಶ್ನೆ ಕೇಳಿದ.

"ಈಗ ಆ ದೋಣಿ ಯಾರ ಕೈಯಾಗ ಐತೆಪಾ?"

"ಕಾಯ್ತಾನನ ಕೈಯಾಗ."

"ನೀ?"

"ನಾ ಗೋದಾಮಿನ್ಯಾಗ ಅದೇನಿ, ಎಪ್ಪಾ. ಇಳಿಸಿಬಿಟ್ರು."

ಅಪ್ಪ ಆಚೆ ದಂಡೆ ನೋಡಿದ. ಹಿನ್ನೀರು ನಿಂತು ಹೊಳೆ ಈಗ ಅಗಲವಾಗಿದೆ. ಅಷ್ಟು ದೂರದಿಂದ ಯಾರು ಕೂಗಿದರೂ ಕೇಳಿಸಲಿಕ್ಕಿಲ್ಲ.

"ಆ ಹಡಗದಾಗಿನ ಮಂದಿ?"

"ಅದು ಫೋನಿನ್ಯಾಗ ಹರದಾಡಿದ ಮ್ಯಾಲ ನೀರು ಮುಟ್ಟಿತು. ಕಾಳೂ ಮುಟ್ಟಿತು. ಎಲ್ಲಾರನ್ನೂ ಅವರವರ ಊರಿಗಿ ಕಳಿಸ್ಯಾರ. ಆ ಭಂಡಾರಿ ಫೋನ್ ಮಾಡಿದ್ದ, ಮನಿ ಮುಟ್ಟೇನಿ ಅಂತ."

"ಛಲೋ ಆತು" ಎಂದ ಅಪ್ಪ. ಆಮೇಲೆ, "ನಾ ಕಲಿಸಿದ್ದ ನಿನಗ ಎರವಾತಲ್ಲೋ, ಮಗನ" ಎಂದ. ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ. ಅಪ್ಪ ಅಳುವುದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ದೋಣಿ ಬೋರಲು ಹಾಕಿದ ದಿನವೂ ಅತ್ತಿರಲಿಲ್ಲ. ಇಲ್ಲೇ ಉಳಿದುಬಿಡಲೇ ಎಂದು ಕೇಳಿದೆ. "ಉಳದು ಏನ್ ಮಾಡ್ತಿ? ಆಡು ಕಾಯ್ತಿ?" ಎಂದ.

ವಾಸ್ಕೋಗೆ ಮರಳಿ ಬಂದಿದ್ದೇನೆ. ಗೋದಾಮಿನಲ್ಲಿ ನಮ್ಮ ಕಡೆಯ ಉಳ್ಳಾಗಡ್ಡಿ ಆರಿಸುತ್ತೇನೆ. ಕೊಳೆತದ್ದು ಈಚೆ, ಗಟ್ಟಿಯಾದದ್ದು ಹಡಗಿಗೆ. ಮೂಲೆಯ ಮೇಜಿನ ಮೇಲೆ ಒಂದು ರೇಡಿಯೋ ಇದೆ. ನಿಂತ ಹಡಗುಗಳು ಕರೆಯುವುದೆಲ್ಲ ಅದರಲ್ಲಿ ಬರುತ್ತದೆ. ಓಗೊಡಲು ನನಗೆ ಅಪ್ಪಣೆಯಿಲ್ಲ. ಅದು ಕಾಯ್ತಾನನ ಕೆಲಸ, ಇಲ್ಲವೇ ಮಾಲಕನದು. ಗಲಗಲಿಯಲ್ಲಿ ದೋಣಿ ಇದೆ, ಕೂಗುವವರಿಲ್ಲ. ಇಲ್ಲಿ ದಿನವಿಡೀ ಕೂಗುತ್ತಾರೆ.

ನಿನ್ನೆ ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತಿದ್ದೆ. ಶಾಂತಾಳ ರೊಟ್ಟಿ, ಅಗಸಿ ಚಟ್ನಿ. ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ರೇಡಿಯೋ ಗೊರಗುಟ್ಟಿತು. ಯಾವ ಹಡಗೋ, ಯಾರ ದನಿಯೋ. "ಲಾಂಚ್, ಲಾಂಚ್..." ಯಾರೂ ಓಗೊಡಲಿಲ್ಲ. ಮತ್ತೆ ಕರೆದ. ತುತ್ತು ಡಬ್ಬಿಗೆ ಹಾಕಿ ಎದ್ದಿದ್ದೇನೆ, ಬಾಗಿಲಿಗೆ ಬಂದು ನಿಂತಿದ್ದೇನೆ, ಕೈಗೆಲ್ಲ ಚಟ್ನಿ. ಎದುರಿಗೆ ಲಾರಿ, ಅದರಾಚೆ ಬಂದರಿನ ಗೇಟು, ಗೇಟಿನಲ್ಲಿ ಪಾಸು ಕೇಳುವವನು. ಅವನು ನನ್ನನ್ನು ನೋಡಿ, "ಏನು ಹಣಮಂತ, ಊಟ ಆಯಿತೇ?" ಎಂದು ಕೇಳಿದ.

ಇಲ್ಲ ಎಂದೆ. ಒಳಗೆ ಬಂದು ಕೂತೆ. ಕೂಗು ಇನ್ನೂ ಬರುತ್ತಲೇ ಇತ್ತು. ನಾನು ಉಂಡೆ.